ಕಚೇರಿಯಲ್ಲಿ ಅಪ್ಪ ಹೇಳಿದ ಪದ

ನಾನು ಕೆಲಸ ಮಾಡುತ್ತಿದ್ದ ವಿಶ್ವವಿದ್ಯಾಲಯ ಇದ್ದದ್ದು ಉತ್ತರದ ಎರೆಮಣ್ಣಿನ ಸೀಮೆಯಲ್ಲಿ. ವಿಭಾಗದ ಮೆಟ್ಟಿಲ ಮೇಲೆ ನಿಂತು ಸುತ್ತ ನೋಡಿದರೆ ಎಲ್ಲಿಯೂ ಒಂದು ಬೆಟ್ಟ ಕಾಣುತ್ತಿರಲಿಲ್ಲ. ಮೊದಲ ವರ್ಷ ಆ ಬಯಲು ನೋಡಿದರೆ ನನಗೆ ತಲೆ ತಿರುಗಿದ ಹಾಗಾಗುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ತೊಂಬತ್ತರ ದಶಕದ ಆ ವರ್ಷಗಳಲ್ಲಿ ನನಗೆ ಎಲ್ಲವೂ ಬೇಗ ಅಭ್ಯಾಸವಾಗುತ್ತಿತ್ತು. ಅದು ನನ್ನ ಗುಣವೋ ಕಾಯಿಲೆಯೋ ಇವತ್ತಿಗೂ ಗೊತ್ತಿಲ್ಲ.

ನಾನು ಸೋಲಿಗರವನು. ಚಾಮರಾಜನಗರದ ಪೂರ್ವಕ್ಕೆ ಕಾಣುವ ಬೆಟ್ಟದ ಒಂದು ಪೋಡಿನಲ್ಲಿ ಹುಟ್ಟಿದೆ. ಪೋಡು ಅಂದರೆ ನಮ್ಮ ಹಟ್ಟಿಗಳ ಗುಂಪು, ನಮ್ಮ ಊರು. ನಾನು ಚಿಕ್ಕವನಿದ್ದಾಗಲೇ ಅರಣ್ಯ ಇಲಾಖೆಯವರು ನಮ್ಮನ್ನು ಕಾಡಿನ ಒಳಗಿಂದ ಅಂಚಿಗೆ ತಂದು ಕೂರಿಸಿದ್ದರು. ಆಶ್ರಮಶಾಲೆ, ಚಾಮರಾಜನಗರದ ಹಾಸ್ಟೆಲ್, ಮೈಸೂರು, ಹೀಗೆ ಓದುತ್ತ ಓದುತ್ತ ಊರಿನಿಂದ ದೂರವಾದೆ. ಕಲಿಸುತ್ತಿದ್ದದ್ದು ರಸಾಯನಶಾಸ್ತ್ರ. ಇದನ್ನು ಹೊಸಬರು ಯಾರೂ ಒಂದೇ ಸಲಕ್ಕೆ ನಂಬುತ್ತಿರಲಿಲ್ಲ. ಜಾನಪದ ವಿಭಾಗ ಆ ಕಡೆ ಇದೆ ಎಂದು ದಾರಿ ತೋರಿಸಿದವರೂ ಇದ್ದಾರೆ. ರಜೆಗೆ ಊರಿಗೆ ಹೊರಟೆ ಅಂದರೆ ಸಾಕು, ಸ್ಟಾಫ್ ರೂಮಿನಲ್ಲಿ ಯಾರಾದರೊಬ್ಬರು, "ಸರ, ನಿಮ್ಮ ಕಡೆ ಜೇನು ಭಾಳ ಛಲೋ ಇರ್ತದಂತ್ರಿ, ಒಂದು ಬಾಟ್ಲಿ ತರ್ರಿ" ಎನ್ನುತ್ತಿದ್ದರು. ನಾನು ಚಾಮರಾಜನಗರದ ಅಂಗಡಿಯಲ್ಲಿ ಸಿಗುವ ಜೇನುತುಪ್ಪವನ್ನೇ ತಂದುಕೊಡುತ್ತಿದ್ದೆ. ಅವರು ಬೆರಳು ಅದ್ದಿ ನೆಕ್ಕಿ, "ಇದು ನೋಡ್ರಿ ಕಾಡಿನ ರುಚಿ" ಎಂದು ಕಣ್ಣು ಮುಚ್ಚುತ್ತಿದ್ದರು. ಅವರ ಸಂತೋಷ ಯಾಕೆ ಹಾಳು ಮಾಡಲಿ ಎಂದು ನಾನು ಸುಮ್ಮನಿರುತ್ತಿದ್ದೆ.

ಅಲ್ಲಿ ನನ್ನ ಕಡೆಯವನು ಅಂತ ಇನ್ನೊಬ್ಬನಿದ್ದ. ಗುಂಡ್ಲುಪೇಟೆ ಕಾಡಂಚಿನ ಜೇನುಕುರುಬರ ಹಾಡಿಯವನು, ಇತಿಹಾಸದ ಮೇಷ್ಟ್ರು. ನಮಗೆ ಪೋಡು ಹೇಗೋ ಅವರಿಗೆ ಹಾಡಿ ಹಾಗೆ. ಸಂಜೆ ಇಬ್ಬರೂ ಕ್ಯಾಂಟೀನಿನ ಹಿಂದಿನ ಕಟ್ಟೆಯ ಮೇಲೆ ಕೂತು ನಮ್ಮ ಕಡೆಯ ಮಾತಿನಲ್ಲಿ ಬಾಯ್ತುಂಬ ಬೈದಾಡಿಕೊಳ್ಳುತ್ತಿದ್ದೆವು. ಬೈಯುವುದಕ್ಕೆ ಕಾರಣ ಬೇಕಿರಲಿಲ್ಲ. ಉಳಿದ ಹೊತ್ತೆಲ್ಲ ಪುಸ್ತಕದ ಹಾಗೆ ಮಾತಾಡಿ ದವಡೆ ನೋಯುತ್ತಿತ್ತು, ಅಷ್ಟೆ.

ರಜೆ ಮುಗಿಸಿ ಹಿಂದಿರುಗುವಾಗ ನನಗೊಂದು ಚಟವಿತ್ತು. ಚಾಮರಾಜನಗರದಿಂದ ಮೈಸೂರು ಬಸ್ಸು ಹೊರಟ ಕೂಡಲೇ ಕತ್ತು ತಿರುಗಿಸಿ ಕೂರುತ್ತಿದ್ದೆ. ಬದನಗುಪ್ಪೆ ದಾಟುವವರೆಗೂ ಹಿಂದಿನ ಗಾಜಿನಲ್ಲಿ ಬೆಟ್ಟ ಕಾಣುತ್ತದೆ. ಪಕ್ಕದಲ್ಲಿ ಕೂತವರು ಯಾರನ್ನೋ ಬಿಟ್ಟು ಬಂದಿದ್ದಾನೆ ಪಾಪ ಎಂದುಕೊಂಡು, "ಯಾರಾದ್ರೂ ಬರಬೇಕಾ?" ಎಂದು ಕೇಳಿದ್ದೂ ಉಂಟು. ಬೆಟ್ಟ ಮರೆಯಾದ ಮೇಲೆ ಮುಂದಕ್ಕೆ ತಿರುಗಿ ನಿದ್ದೆ ಮಾಡುತ್ತಿದ್ದೆ.

ಈಗ ನಮ್ಮ ಪದಗಳ ಬಗ್ಗೆ ಹೇಳಬೇಕು. ಹಾಡನ್ನು ನಾವು ಪದ ಅನ್ನುತ್ತೇವೆ. ಬೇರೆ ಪೋಡುಗಳಲ್ಲಿ ಹೇಗೋ ಕಾಣೆ, ನಮ್ಮ ಪೋಡಿನಲ್ಲಿ ಪದಗಳಿಗೆ ಹೊತ್ತುಗೊತ್ತು ಇದೆ. ರಾಗಿಯ ಪದವನ್ನು ಹೊಸ ರಾಗಿ ಮನೆಗೆ ಬಂದಾಗ ಹೇಳಬೇಕು. ಮದುವೆ ಪದಕ್ಕೆ ಗಂಡು ಹೆಣ್ಣು ಎದುರಿಗೆ ಕೂತಿರಬೇಕು. ಸುಮ್ಮಸುಮ್ಮನೆ ಹೇಳಿದರೆ ಅದು ಪದವಲ್ಲ, ಸುಳ್ಳು. ಸತ್ತವರನ್ನು ಕಳಿಸುವ ಪದಕ್ಕೆ ಮಾತ್ರ ಇಂಥ ಕಾಲ ಅಂತ ಇಲ್ಲ, ಯಾಕೆಂದರೆ ಸಾವು ಕಾಲ ನೋಡಿ ಬರುವುದಿಲ್ಲ. ಅದನ್ನು ಮನೆಯ ಹಿರಿಯ ಹೇಳುತ್ತಾನೆ. ಸತ್ತವರ ಹೆಸರು ಹಿಡಿಯಬಾರದು, ಸಂಬಂಧ ಹೇಳಿ ಕರೆಯಬೇಕು. ಕಲ್ಲುಗುಡಿ ಅಂತ, ನಮ್ಮ ಕುಲದ ಸತ್ತವರಿಗೆಲ್ಲ ಕಲ್ಲು ಇಡುವ ಜಾಗ ಕಾಡಿನೊಳಗಿದೆ. ಅಲ್ಲಿಯವರೆಗೆ ಸತ್ತವರಿಗೆ ದಾರಿ ಹೇಳಿ ಕಳಿಸುವುದೇ ಆ ಪದ. ಒಬ್ಬರಿಗೆ ಒಂದೇ ಸಲ.

ಅವ್ವ ಸತ್ತಾಗ ನಾನು ಪ್ರಾಕ್ಟಿಕಲ್ ಪರೀಕ್ಷೆ ನಡೆಸುತ್ತಿದ್ದೆ. ಸುದ್ದಿ ಆಶ್ರಮಶಾಲೆಯಿಂದ ಯಾರ ಯಾರದೋ ಫೋನು ಹತ್ತಿ ಇಳಿದು ವಿಭಾಗಕ್ಕೆ ತಲುಪುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಹೋಗಿ ಹಟ್ಟಿಯ ಮುಂದೆ ನಿಂತಾಗ ಅಪ್ಪ ಚೊಂಬಿನಲ್ಲಿ ನೀರು ಕೊಟ್ಟ. ಕುಡಿದೆ. ಸಂಜೆ ಅಪ್ಪನ ಪಕ್ಕ ಕೂತು, "ಅವ್ವನ ಪದ ಒಂದ್ಸಲ ಹೇಳಪ್ಪ, ನಾ ಕೇಳ್ನಿಲ್ವಲ್ಲ" ಎಂದೆ.

"ಒಂದ್ಸಲ ಹೇಳಾಯ್ತು ಕಣ ಕೂಸು," ಎಂದ ಅಪ್ಪ. "ಇನ್ನೊಂದ್ಸಲ ಹೇಳುದ್ರೆ ಅವ್ಳು ತಿರುಗಿ ನೋಡ್ಬುಡ್ತಾಳೆ. ಆಮ್ಯಾಕೆ ಅತ್ತಗೂ ಇಲ್ಲ ಇತ್ತಗೂ ಇಲ್ಲ."

ಅವ್ವ ತಿರುಗಿ ನೋಡಿದರೆ ನೋಡಲಿ ಎಂದು ನನ್ನ ಮನಸ್ಸಿಗೆ ಬಂತು. ಅಳು ಬರಬೇಕಿತ್ತು, ಬರಲಿಲ್ಲ. ಪರೀಕ್ಷೆ ಉಳಿದಿತ್ತು, ಹಿಂದಿರುಗಿದೆ.

ಅದಾದ ಮೇಲಿನ ಬೇಸಿಗೆಯಲ್ಲಿ ವಿಶ್ವವಿದ್ಯಾಲಯದಲ್ಲಿ ಒಂದು ಆದೇಶ ಬಂತು. ಬುಡಕಟ್ಟಿನವರೆಂದು ಸುಳ್ಳು ಸರ್ಟಿಫಿಕೇಟು ಕೊಟ್ಟು ಕೆಲಸಕ್ಕೆ ಸೇರಿದವರು ಇದ್ದಾರಂತೆ, ಹಾಗಾಗಿ ಎಲ್ಲರನ್ನೂ ಇನ್ನೊಮ್ಮೆ ವಿಚಾರಣೆ ಮಾಡಬೇಕಂತೆ. ಊರಿನ ಕಡೆಯ ಅಧಿಕಾರಿ ಕುಟುಂಬದವರನ್ನು ಕಣ್ಣಾರೆ ನೋಡಿ, ಇವನು ನಿಜವಾಗಿ ಅವನೇ ಎಂದು ಬರೆದುಕೊಡಬೇಕು. ಇಲ್ಲದಿದ್ದರೆ ಕೆಲಸವಿಲ್ಲ. ನನ್ನ ಗೆಳೆಯನದು ಹಿಂದಿನ ವರ್ಷವೇ ಮುಗಿದಿತ್ತು. "ಅದೇನಪ್ಪ ನಡೀತು ಅಲ್ಲಿ?" ಎಂದು ಕೇಳಿದರೆ, "ಏನೂ ಇಲ್ಲ ಬುಡು" ಎಂದು ಮಾತು ತೇಲಿಸಿಬಿಟ್ಟಿದ್ದ.

ವಿಚಾರಣೆ ಚಾಮರಾಜನಗರದಲ್ಲಿ ಎಂದು ಗೊತ್ತಾದ ಕೂಡಲೇ ಪೋಡಿಗೆ ಹೇಳಿ ಕಳಿಸಿದೆ. ಅಪ್ಪ, ಚಿಕ್ಕಪ್ಪ, ಅತ್ತೆ ಮೂವರು ಬರುವುದೆಂದು ಮಾತಾಯಿತು. ಬಸ್ ಸ್ಟ್ಯಾಂಡಿನಲ್ಲಿ ಅವರು ಇಳಿದದ್ದನ್ನು ನೋಡಿ ನನಗೆ ಗುರುತೇ ಸಿಗಲಿಲ್ಲ. ಅಪ್ಪ ಆಶ್ರಮಶಾಲೆಯ ಮೇಷ್ಟ್ರ ಬಿಳಿ ಅಂಗಿ ಕೇಳಿ ಹಾಕಿಕೊಂಡಿದ್ದ. ತೋಳು ಉದ್ದವಾಗಿ ಬೆರಳು ಮುಚ್ಚಿದ್ದವು. ಚಿಕ್ಕಪ್ಪ ಪ್ಯಾಂಟಿಗೆ ಬೆಲ್ಟಿನ ಬದಲು ಹಗ್ಗ ಬಿಗಿದು ಮೇಲೆ ಅಂಗಿ ಇಳಿಬಿಟ್ಟಿದ್ದ. ಅತ್ತೆ ತಲೆಗೆ ಎಣ್ಣೆ ಹಾಕಿ ಬಾಚಿ, ಎಲ್ಲಿಂದಲೋ ಪೌಡರನ್ನೂ ತಂದು ಬಳಿದುಕೊಂಡಿದ್ದಳು. ಮಗ ದೊಡ್ಡ ಕೆಲಸದಲ್ಲಿದ್ದಾನೆ, ಅವನ ಮಾನ ಕಳೆಯಬಾರದು ಎಂಬುದೊಂದೇ ಅವರ ತಲೆಯಲ್ಲಿದ್ದದ್ದು. ನನಗೂ ಒಳಗೊಳಗೇ ಹೆಮ್ಮೆಯಾಯಿತು. ಓದಿದ ನನ್ನ ತಲೆಗೂ ಮುಂದಿನದು ಹೊಳೆಯಲಿಲ್ಲ.

ಕಚೇರಿಯಲ್ಲಿ ವಿಚಾರಣೆ ಮಾಡಿದ ಸಾಹೇಬರು ಒಳ್ಳೆಯವರೇ. ಎಲ್ಲರನ್ನೂ ಕುರ್ಚಿಯ ಮೇಲೆ ಕೂರಿಸಿದರು.

"ಕಾಡಿಗೆ ಹೋಗ್ತೀರಾ ಯಜಮಾನ್ರೇ?"

"ಇಲ್ಲ ಸ್ವಾಮಿ. ಕಾಡ್ಕಡೆ ತಲೆ ಆಕೇ ಮಲಗಾಕಿಲ್ಲ ನಾವು," ಎಂದ ಅಪ್ಪ.

"ಜೇನು ಕೀಳೋದು?"

"ಅಯ್ಯೋ, ಬುಡ್ತು ಅನ್ನಿ ಸ್ವಾಮಿ!" ಚಿಕ್ಕಪ್ಪ ಕೆನ್ನೆ ಬಡಿದುಕೊಂಡ.

"ಗೆಡ್ಡೆ ಗೆಣಸು ಅಗೆದು ತಿಂತೀರಂತಲ್ಲ?"

"ಅನ್ನ ಸಾರು ಸ್ವಾಮಿ," ಎಂದಳು ಅತ್ತೆ. "ಅಬ್ಬಕ್ಕೆ ಪಾಯ್ಸ."

ನಮ್ಮವರಿಗೆ ಅಧಿಕಾರಿ ಅಂದರೆ ಅರಣ್ಯದವನು ಒಬ್ಬನೇ. ಮೇಜಿನ ಹಿಂದೆ ಕೂತ ಯಾರೇ ಕಾಡು ಅಂದರೂ ಅದು ಕೇಸು. ಜೇನು ಕಿತ್ತೆ ಅಂದರೆ ಕೇಸು, ಗೆಣಸು ಅಗೆದೆ ಅಂದರೆ ಕೇಸು. ಚಿಕ್ಕಪ್ಪ ಒಂದು ಸಲ ಜೇನಿಗಾಗಿಯೇ ಏಟು ತಿಂದವನು. ಕೇಳಿದ್ದಕ್ಕೆಲ್ಲ ಇಲ್ಲ ಅನ್ನುವುದನ್ನು ನಮ್ಮ ಪೋಡಿನ ಮಕ್ಕಳು ನಡೆಯುವುದಕ್ಕೆ ಮೊದಲೇ ಕಲಿಯುತ್ತಾರೆ. ಮೂವರೂ ಎಷ್ಟು ಚೆನ್ನಾಗಿ ಉತ್ತರ ಕೊಟ್ಟೆವು ನೋಡು ಎಂಬಂತೆ ನನ್ನ ಮುಖ ನೋಡಿದರು.

ಸಾಹೇಬರು ಬರೆಯುವುದನ್ನು ನಿಲ್ಲಿಸಿ ಅವರನ್ನು ಹೊರಗೆ ಕಳಿಸಿದರು. "ನೋಡಿ ಮೇಷ್ಟ್ರೇ," ಎಂದರು, "ನೀವು ಸುಳ್ಳು ಅಂತ ನಾನು ಹೇಳ್ತಿಲ್ಲ. ಆದರೆ ಇದನ್ನು ಹೀಗೇ ಕಳಿಸಿದರೆ ಮೇಲಿನವರು ಒಪ್ಪೋದಿಲ್ಲ. ಕಾಡಿಗೆ ಹೋಗಲ್ಲ, ಜೇನು ಕೀಳಲ್ಲ, ಪ್ಯಾಂಟು ಬೇರೆ. ಇನ್ನೊಂದು ದಿನ ಕರೆಸಿ. ಅವರ ಉಡುಪಿನಲ್ಲೇ ಬರಲಿ. ಒಂದು ಹಾಡೋ ಕುಣಿತವೋ ಇದ್ದರೆ ನಾನೂ ಕಣ್ಣಾರೆ ನೋಡಿದೆ ಅಂತ ಬರೀಬಹುದು."

ಹೊರಗೆ ಜಗಲಿಯಲ್ಲಿ ಅತ್ತೆ ಸೆರಗಿನ ತುದಿಯಿಂದ ಮುಖದ ಪೌಡರು ಕೆಡದ ಹಾಗೆ ಬೆವರು ಒರೆಸಿಕೊಳ್ಳುತ್ತಿದ್ದಳು. "ಎಂಗೆ ಮಾತಾಡ್ದೊ?" ಎಂದು ಕೇಳಿದಳು. ಚೆನ್ನಾಗಿ ಮಾತಾಡಿದಿರಿ ಎಂದೆ.

ಮಾರನೆಯ ದಿನ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹಿಡಿದು ಗುಂಡ್ಲುಪೇಟೆಗೆ ಹೋದೆ. ಗೆಳೆಯ ರಜೆಗೆ ಬಂದಿದ್ದ. ಆದರೆ ಅವನು ಹಾಡಿಯಲ್ಲಿರದೆ ಪೇಟೆಯಲ್ಲಿ ಒಂದು ರೂಮು ಮಾಡಿಕೊಂಡಿದ್ದ. ಬಸ್ ಸ್ಟ್ಯಾಂಡಿನ ಎದುರು ಒಬ್ಬ ಮಲಯಾಳಿಯ ಚಹಾದಂಗಡಿ. ಊಟಿಗೂ ಕೇರಳದ ಬತ್ತೇರಿಗೂ ಹೋಗುವ ಬಸ್ಸುಗಳ ಹೊಗೆ ನೇರವಾಗಿ ಗ್ಲಾಸಿನೊಳಗೇ ಬರುತ್ತಿತ್ತು. ನಡೆದದ್ದನ್ನೆಲ್ಲ ಹೇಳಿದೆ. ಪೌಡರಿನ ಮಾತು ಕೇಳಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಥಟ್ಟನೆ ನಿಲ್ಲಿಸಿದ.

"ನಾನು ನಮ್ಮಕ್ಕನ್ನ ಕರ್ಕೊಂಡ್ ಓಗಿದ್ದೆ ಕಣ್ಲಾ," ಎಂದ. "ಮೊದ್ಲೇ ಒಬ್ರು ಹೇಳ್ಕೊಟ್ಟಿದ್ರು. ತಲೆ ಬಾಚ್ಬ್ಯಾಡ ಅಂದೆ. ಅರ್ದಿರೋ ಸೀರೆ ಉಟ್ಕೊ ಅಂದೆ. ಕೂಸಿನ್ ಮೂಗು ಒರಸ್ಬ್ಯಾಡ ಅಂದೆ. ಎಲ್ಲಾ ಮಾಡುದ್ಲು. ಒಂದೇ ದಿಸಕ್ಕೆ ಸಹಿ ಆಯ್ತು."

"ಆಮೇಲೆ?"

"ಆಮೇಲೇನು, ಕೆಲ್ಸ ಉಳೀತು. ಅವ್ಳು ನನ್ನ ಮಾತಾಡ್ಸೋದು ಬುಟ್ಳು. ಅದ್ಕೇ ಈ ರೂಮು."

"ನಿಂಗೇನೂ ಅನ್ನಿಸ್ನಿಲ್ವಾ?"

"ಟೀ ಆರೋಯ್ತದೆ, ಕುಡಿ," ಎಂದ. ಇಬ್ಬರೂ ಕುಡಿದೆವು. ಕೆಲಸ ಬಿಟ್ಟು ಬಂದುಬಿಡೋಣ ಎಂಬ ಮಾತು ಇಬ್ಬರ ಬಾಯಿಗೂ ಬರಲಿಲ್ಲ. ಬಂದು ಮಾಡುವುದಾದರೂ ಏನು? ಅವನಿಗೆ ಹಾಡಿಯಲ್ಲಿ ಜಾಗವಿರಲಿಲ್ಲ, ನನಗೆ ಮರ ಹತ್ತುವುದು ಬರುತ್ತಿರಲಿಲ್ಲ.

ಪೋಡಿಗೆ ಹೋದಾಗ ಅಪ್ಪ ಬಿದಿರು ಸೀಳುತ್ತ ಕೂತಿದ್ದ. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಮಾತು ಕಟ್ಟಿಕೊಂಡು ಬಂದಿದ್ದೆ. ಪಾಠ ಹೇಳಿ ಹೇಳಿ ನನಗೆ ಮಾತಿಗೇನೂ ಬರವಿಲ್ಲ. ಆದರೆ ಅಲ್ಲಿ ಹೇಳಿದ್ದು ಮಾತ್ರ ಹೀಗೆ: "ಅಪ್ಪ, ಇನ್ನೊಂದ್ಸಲ ಬರ್ಬೇಕಂತೆ. ಅಂಗಿ ಇಲ್ದೆ ಬರ್ಬೇಕಂತೆ. ಕಾಡಿಗ್ ಓಯ್ತೀನಿ ಅನ್ಬೇಕಂತೆ, ಕೇಸ್ ಆಕಲ್ವಂತೆ. ಒಂದು ಪದ ಹೇಳ್ಬೇಕಂತೆ."

ಎಲ್ಲಕ್ಕೂ 'ಅಂತೆ' ಸೇರಿಸಿದ್ದೆ. ಕೇಳುತ್ತಿರುವುದು ನಾನಲ್ಲ ಎಂಬ ಹಾಗೆ.

ಅಪ್ಪ ಕತ್ತಿಯನ್ನು ನೆಲಕ್ಕೆ ಊರಿದ. "ಅಂಗಿ ಬಿಚ್ಚೋದೇನ್ ಮಹಾ," ಎಂದ. "ಪದ ಯಾವ್ದು ಹೇಳನ? ರಾಗಿ ಇನ್ನೂ ಬಿತ್ನೇ ಇಲ್ಲ. ಮದ್ವೆ ಯಾರ್ದೂ ಇಲ್ಲ."

"ಯಾವ್ದಾದ್ರೂ ಸರಿ ಕಣಪ್ಪ, ಅವ್ರಿಗೇನ್ ಗೊತ್ತಾಯ್ತದೆ?"

"ಅವ್ರಿಗ್ ಗೊತ್ತಾಗಾಕಿಲ್ಲ," ಎಂದು ಅಪ್ಪ ಮತ್ತೆ ಬಿದಿರು ಸೀಳತೊಡಗಿದ. ಸಾಹೇಬರು ಹೇಳಿದ ದಿನ ಬೆಳಿಗ್ಗೆ ಒಬ್ಬನೇ ಬಸ್ಸಿನಿಂದ ಇಳಿದ. ಚಿಕ್ಕಪ್ಪ, ಅತ್ತೆ ಎಲ್ಲಿ ಎಂದು ಕೇಳಿದೆ. "ಅವ್ರ್ಯಾಕೆ ಬುಡು," ಎಂದ.

ನಾನು ಹಿಂದಿನ ವರ್ಷ ತಂದುಕೊಟ್ಟಿದ್ದ ಗೀಟಿನ ಅಂಗಿ ಹಾಕಿಕೊಂಡಿದ್ದ. ಕಚೇರಿಯ ಜಗಲಿಯಲ್ಲಿ ನಿಂತು ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಅಂಗಿಯನ್ನು ನೀಟಾಗಿ ಮಡಚಿ ನನ್ನ ಕೈಗೆ ಕೊಟ್ಟ. ಅಲ್ಲಿ ಅರ್ಜಿ ಹಿಡಿದು ಬಂದಿದ್ದ ಹರವೆ ಕಡೆಯ ರೈತರು ಮಾತು ನಿಲ್ಲಿಸಿ ನೋಡಿದರು. ಅಪ್ಪನ ಎದೆಯ ಮೂಳೆಗಳು ಎದ್ದು ಕಾಣುತ್ತಿದ್ದವು. ಅವ್ವ ಹೋದ ಮೇಲೆ ಅವನು ಇಷ್ಟು ಬಡವಾಗಿದ್ದಾನೆಂದು ನನಗೆ ಗೊತ್ತೇ ಇರಲಿಲ್ಲ. ಅಂಗಿಯೊಳಗೆ ಕಂಡಿರಲಿಲ್ಲ.

ಒಳಗೆ ಎಲ್ಲವೂ ಸಲೀಸಾಗಿ ನಡೆಯಿತು. ಕಾಡಿಗೆ ಹೋಗುತ್ತೀರಾ, ಊಂ ಸ್ವಾಮಿ. ಜೇನು, ಊಂ ಸ್ವಾಮಿ. ಗೆಣಸು, ಊಂ ಸ್ವಾಮಿ. ಮೊದಲ ಸಲ ಹೇಳಿದ ಇಲ್ಲಗಳೆಲ್ಲ ಅದೇ ಜಾಗದಲ್ಲಿ ಊಂ ಆದವು. ಸಾಹೇಬರು ಸರಸರನೆ ಬರೆದುಕೊಂಡರು. ಕುರ್ಚಿ ತೋರಿಸಿದರೂ ಅಪ್ಪ ಈ ಸಲ ಕೂರಲಿಲ್ಲ.

"ಒಂದು ನಿಮ್ಮದೇ ಹಾಡು ಹೇಳಿ ಯಜಮಾನ್ರೇ, ಕೇಳೋಣ," ಎಂದರು ಸಾಹೇಬರು. ಪಕ್ಕದ ಟೇಬಲಿನ ಟೈಪಿಸ್ಟ್ ಕೂಡ ಕೈ ನಿಲ್ಲಿಸಿದ.

ಅಪ್ಪ ಕಿಟಕಿಯ ಕಡೆ ತಿರುಗಿದ. ಅಲ್ಲಿಂದ ಬೆಟ್ಟ ಕಾಣುತ್ತಿರಲಿಲ್ಲ, ಎದುರಿನ ಕಟ್ಟಡದ ಗೋಡೆ ಅಷ್ಟೆ. ಗಂಟಲು ಸರಿಮಾಡಿಕೊಂಡು, ಹೆಚ್ಚು ಏರಿಸದೆ ಶುರುಮಾಡಿದ. ಅಬ್ಬಿಯ ನೀರು ಬಲಕ್ಕೆ ಬರುತ್ತದೆ, ಬಗ್ಗಿ ಕುಡಿ. ಬಿದಿರ ಮೆಳೆ ಎಡಕ್ಕೆ ಬರುತ್ತದೆ, ಆನೆ ಮಲಗಿದೆ, ಎಬ್ಬಿಸಬೇಡ. ನೆಲ್ಲಿಯ ಮರ ದಾಟಿದರೆ ಅಜ್ಜಂದಿರು ಕೂತಿದ್ದಾರೆ, ನಿನ್ನ ಕುಲ ಕೇಳುತ್ತಾರೆ, ಹೇಳು.

ಅದು ಸತ್ತವರನ್ನು ಕಳಿಸುವ ಪದ ಎಂದು ನನಗೆ ಗೊತ್ತಾಗಿ ಹೋಯಿತು. ಚಿಕ್ಕಂದಿನಲ್ಲಿ ಅಜ್ಜಿ ಸತ್ತಾಗ ಹೇಳಿದ್ದನ್ನು ದೂರದಿಂದ ಕೇಳಿದ್ದೆ. ಅವ್ವನಿಗೆ ಹೇಳಿದ್ದೂ ಇದೇ, ನಾನು ಕೇಳಿಸಿಕೊಳ್ಳದೇ ಉಳಿದದ್ದು. ಅವ್ವನನ್ನೇ ಮತ್ತೆ ಕರೆಯುತ್ತಿದ್ದಾನಾ, ಅಪ್ಪ ಹಾಗೆ ಮಾಡಲಾರ ಎಂದುಕೊಳ್ಳುತ್ತಿರುವಾಗಲೇ ಸಂಬಂಧ ಹೇಳಿ ಕರೆಯುವ ಸಾಲು ಬಂತು.

"ಓಗು ಮಗನೇ, ತಿರುಗಿ ನೋಡ್ಬ್ಯಾಡ ಮಗನೇ."

ಅಪ್ಪನಿಗೆ ಮಗ ಅಂತ ಇರುವವನು ನಾನೊಬ್ಬನೇ.

ಸಾಹೇಬರು ಪೆನ್ನಿನಿಂದ ಮೇಜಿನ ಮೇಲೆ ಮೆಲ್ಲಗೆ ತಾಳ ಹಾಕುತ್ತಿದ್ದರು. ನಾನು ಅಂಗಿ ಹಿಡಿದು ನಿಂತಿದ್ದೆ. ಎದೆ ಬಡಿದುಕೊಳ್ಳಬೇಕಿತ್ತು, ಅಪ್ಪನ ಬಾಯಿ ಮುಚ್ಚಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಏನೂ ಅನ್ನಿಸಲಿಲ್ಲ. ಅಂಗಿಯ ಕಾಲರಿನಲ್ಲಿ ಹೊಲಿಗೆ ಬಿಟ್ಟಿರುವುದನ್ನು ನೋಡಿದೆ, ದರ್ಜಿಗೆ ಕೊಡಬೇಕು ಎಂದುಕೊಂಡೆ. ಪದ ಮುಗಿಯಿತು.

"ಬಹಳ ಚೆನ್ನಾಗಿದೆ," ಎಂದರು ಸಾಹೇಬರು, ನಿಜವಾಗಿಯೂ ಸಂತೋಷಪಟ್ಟು. "ಇದು ಸುಗ್ಗೀ ಹಾಡಾ?"

ಅಪ್ಪ ನನ್ನ ಕಡೆ ನೋಡಲಿಲ್ಲ. "ಊಂ ಸ್ವಾಮಿ," ಎಂದ. "ಸುಗ್ಗೀದು."

ಅವರು ಅದನ್ನೂ ಬರೆದುಕೊಂಡು ಅಲ್ಲೇ ಸಹಿ ಹಾಕಿದರು. ನನ್ನ ಕೈ ಕುಲುಕಿ, ಇಂಥ ಕಡೆಯಿಂದ ಬಂದು ಇಷ್ಟು ದೂರ ಹೋಗಿ ಪಾಠ ಹೇಳುವುದು ಸಣ್ಣ ಮಾತಲ್ಲ ಎಂದರು. ನಾನು ಥ್ಯಾಂಕ್ಸ್ ಹೇಳಿದೆ.

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಇಬ್ಬರಿಗೂ ಚಹಾ ತರಿಸಿದೆ. ಅಪ್ಪ ಅಂಗಿ ಹಾಕಿಕೊಂಡಿದ್ದ. ಗುಂಡಿಗಳು ಒಂದೊಂದು ಮೇಲೆ ಕೆಳಗೆ ಆಗಿದ್ದವು. ನಾನು ಕೈಚಾಚಿ ಸರಿಮಾಡಿದೆ. ಅವನು ಸುಮ್ಮನೆ ಹಾಕಿಸಿಕೊಂಡ.

"ಆ ಪದ ಯಾಕಪ್ಪ?" ಎಂದೆ.

"ಬ್ಯಾರೆ ಯಾವುದ್ಕೂ ಈಗ ಒತ್ತಲ್ವಲ್ಲ ಕೂಸು. ಅದ್ಕೆ ಮಾತ್ರ ಇಂಥ ಒತ್ತು ಅಂತ ಇಲ್ಲ."

"ಸತ್ತೋರ್ ಬೇಕಲ್ಲ ಅದ್ಕೆ."

"ಯಾರ್ನಾರ ಕರೀಬೇಕು, ಇಲ್ದಿದ್ರೆ ಅದು ಪದ ಅಲ್ಲ," ಎಂದ ಅಪ್ಪ. ತಟ್ಟೆಗೆ ಚಹಾ ಬಗ್ಗಿಸಿಕೊಂಡು ಊದಿದ. "ತಮ್ಮನ್ ಕರೀಲಾ, ತಂಗೀನ್ ಕರೀಲಾ? ಅವ್ರೆಲ್ಲಾ ಅಟ್ಟೀಲವ್ರೆ. ದಿನಾ ಮಕ ನೋಡ್ಬೇಕು. ನೀನು ಎಂಗೂ ಓಗ್ಬುಟ್ಟಿದ್ದೀಯಲ್ಲಪ್ಪ."

ಸಿಟ್ಟಿನಿಂದ ಹೇಳಿದ್ದಲ್ಲ. ಚುಚ್ಚಿ ಹೇಳಿದ್ದೂ ಅಲ್ಲ. ಮಳೆ ಬಂದು ಹೋಗಿದೆ ಅನ್ನುವ ಹಾಗೆ ಹೇಳಿದ. ನನ್ನ ಕೆಲಸ ಉಳಿಸುವುದಕ್ಕೆ ತನ್ನ ಹತ್ತಿರ ಇದ್ದದ್ದನ್ನು ಕೊಟ್ಟಿದ್ದ, ಅಷ್ಟೆ. ತಟ್ಟೆಯ ಚಹಾ ಕುಡಿದು ಬಾಯಿಯನ್ನು ಅಂಗೈಯಿಂದ ಒರೆಸಿಕೊಂಡ.

"ನಾಳೆ ನಾನು ಸತ್ರೆ?" ಎಂದೆ.

"ಇನ್ನೊಂದ್ಸಲ ಹೇಳಂಗಿಲ್ಲ," ಎಂದ. ನನ್ನ ಬ್ಯಾಗು ಎತ್ತಿಕೊಳ್ಳುತ್ತ, "ದಾರಿ ಕೇಳುಸ್ಕಂಡಿದ್ದೀಯಲ್ಲ, ಅದೇ ಸಾಕು. ಅಬ್ಬಿ ಬಲಕ್ಕೆ, ಮರೀಬ್ಯಾಡ," ಎಂದ.

ಮೈಸೂರು ಬಸ್ಸು ಬಂತು. ಅಪ್ಪ ನನ್ನ ಬ್ಯಾಗನ್ನು ಕಿಟಕಿಯಿಂದ ಒಳಗೆ ಕೊಟ್ಟು, ಕಂಬದ ಪಕ್ಕ ಹೋಗಿ ನಿಂತ. ಅವನ ಊರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಂಡಕ್ಟರ್ ಸೀಟಿ ಊದಿದ. ಬಸ್ಸು ತಿರುಗಿ ರಸ್ತೆಗೆ ಬಿತ್ತು.

ನನ್ನ ಕತ್ತು ತಾನಾಗಿಯೇ ಹಿಂದಕ್ಕೆ ಹೊರಳುವುದರಲ್ಲಿತ್ತು. ತಡೆದೆ. ಬದನಗುಪ್ಪೆ ದಾಟುವವರೆಗೂ ತಿರುಗಬಾರದು ಎಂದು ಎದುರಿನ ಸೀಟಿನ ಕಬ್ಬಿಣದ ಹಿಡಿಯನ್ನೇ ನೋಡುತ್ತ ಕೂತಿದ್ದೆ. ಬಸ್ಸು ಇನ್ನೂ ಪೇಟೆಯೊಳಗೇ ನಿಧಾನವಾಗಿ ಹೋಗುತ್ತಿದ್ದಾಗ ಪಕ್ಕದವರು ಹಿಂದೆ ತಿರುಗಿ ನೋಡಿ, "ಯಾರೋ ವಯಸ್ಸಾದೋರು ಬಸ್ ಇಂದೆ ನಡ್ಕಂಡ್ ಬತ್ತಾವ್ರೆ ಕಣಪ್ಪ, ನಿಮ್ಕಡೇವ್ರಾ?" ಎಂದು ಕೇಳಿದರು.

ನನಗೆ ಗೊತ್ತಿಲ್ಲ ಎಂದೆ.